ಹಳೇ ಪಿಕಪ್ ಎಂಜಿನ್ ಹೀಟ್ ಆಗ್ತಿದೆಯಾ? ಪಾರ್ಟ್ ಬದಲಿಸುವ ಮೊದಲು ಈ ಕ್ರಮದಲ್ಲಿ ನೋಡಿ

ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದಾಗ ತೆರೆದು ರೇಡಿಯೇಟರ್ ಕಡೆ ನೀರು ಬಿಡುವ ವಾಲ್ವ್) ಹೊಸದು ಹಾಕಿದ್ದಾಯ್ತು, ಕೂಲೆಂಟ್ (ಎಂಜಿನ್ ತಣ್ಣಗಿಡಲು ನೀರಿಗೆ ಬೆರೆಸುವ ದ್ರವ) ಬದಲಿಸಿದ್ದಾಯ್ತು, ಆದರೂ ಏರು ಹತ್ತುವಾಗ ಬಿಸಿ ತೋರಿಸುವ ಗೇಜಿನ ಮುಳ್ಳು ಕೆಂಪಿಗೆ ಹೋಗುತ್ತದೆ. ಹಳೇ ಪಿಕಪ್ ಇಟ್ಟುಕೊಂಡವರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದೇ. ವಿವರವಾಗಿ ಕೇಳುತ್ತಾ ಹೋದರೆ ಸಾಮಾನ್ಯವಾಗಿ ಎರಡು ತಪ್ಪು ಸಿಗುತ್ತವೆ. ತೊಂದರೆ ಎಲ್ಲಿದೆ ಅಂತ ನೋಡುವ ಮೊದಲೇ ಪಾರ್ಟ್ ಬದಲಿಸಿರುತ್ತಾರೆ. ಇಲ್ಲವೇ ಕೂಲೆಂಟ್ ತುಂಬಿಸಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ತೆಗೆದಿರುವುದಿಲ್ಲ.

ಇಲ್ಲಿ ಹೇಳುವುದು ರೇಡಿಯೇಟರ್ ಮೇಲೆಯೇ ಮುಚ್ಚಳ ಇರುವ, ಬೆಲ್ಟಿನಿಂದ ಫ್ಯಾನ್ ತಿರುಗುವ ಹಳೇ ಗಾಡಿಗಳ ಬಗ್ಗೆ. ಪೆಟ್ರೋಲ್ ಆಗಲಿ, ಡೀಸೆಲ್ ಆಗಲಿ, ಕ್ರಮ ಒಂದೇ. ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಅವಸರ ಇರುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

## ಶುರು ಮಾಡುವ ಮುಂಚೆ ಎರಡು ಎಚ್ಚರಿಕೆ

ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಬಿಚ್ಚಬೇಡಿ. ಇದು ಎಲ್ಲರಿಗೂ ಗೊತ್ತು, ಆದರೂ ಕೈ ಸುಟ್ಟುಕೊಳ್ಳುವವರು ಇದ್ದೇ ಇದ್ದಾರೆ. ಅರ್ಧ ನೀರು, ಅರ್ಧ ಕೂಲೆಂಟ್ ಇರುವ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಒಳಗಿನ ಒತ್ತಡವನ್ನು 1 ಬಾರ್ ಆಸುಪಾಸು ಹಿಡಿದಿಡುವುದರಿಂದ ಅದೇ ಮಿಶ್ರಣ 125 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಆ ಒತ್ತಡ ಹೋಗುತ್ತದೆ, ಅಷ್ಟೂ ಒಂದೇ ಸಲ ಕುದಿದು ಮುಖಕ್ಕೆ ಬರುತ್ತದೆ. ಎಂಜಿನ್‌ನಿಂದ ರೇಡಿಯೇಟರ್ ಮೇಲ್ಭಾಗಕ್ಕೆ ಬರುವ ರಬ್ಬರ್ ಪೈಪನ್ನು, ಅಂದರೆ ಮೇಲಿನ ಹೋಸ್ ಅನ್ನು ಕೈಯಲ್ಲಿ ಹಿಸುಕಿ ನೋಡಿ. ಮೆತ್ತಗಿದ್ದು, ಕೈ ಇಟ್ಟರೆ ಬಿಸಿ ಅನ್ನಿಸದಿದ್ದರೆ ಮಾತ್ರ ಬಿಚ್ಚಿ.

ಎರಡನೆಯದು, ಕೂಲೆಂಟ್ ವಿಷ. ರುಚಿ ಸಿಹಿ, ಹಾಗಾಗಿ ನಾಯಿ, ಬೆಕ್ಕು ನೆಕ್ಕುತ್ತವೆ, ಮಕ್ಕಳೂ ಬಾಯಿಗೆ ಹಾಕಿಕೊಳ್ಳಬಹುದು. ಇಳಿಸಿದ್ದನ್ನು ತೆರೆದ ಬೋಗುಣಿಯಲ್ಲಿ ಬಿಡದೆ ಆಗಲೇ ಮುಚ್ಚಳವಿರುವ ಕ್ಯಾನಿಗೆ ತುಂಬಿಸಿ. ಚರಂಡಿಗೆ ಚೆಲ್ಲಬೇಡಿ.

## ಬೇಕಾದ ಸಾಮಾನು

ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಸ್ಕ್ರೂಡ್ರೈವರ್, ಪ್ಲಯರ್, ಅಗಲವಾದ ಬೋಗುಣಿ, ಟಾರ್ಚ್, ಗ್ಲೌಸ್, ಕಣ್ಣಿಗೆ ಕನ್ನಡಕ, ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರುವ ಆಲಿಕೆ, ಚಕ್ರಕ್ಕೆ ಕೊಡಲು ಎರಡು ಕಲ್ಲು. ಥರ್ಮೋಸ್ಟ್ಯಾಟ್ ಪರೀಕ್ಷೆಗೆ ಒಂದು ಹಳೇ ಪಾತ್ರೆ, 100 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ತುಂಬಾ ಒಳ್ಳೆಯದು. ಈ ಕೆಲಸದಲ್ಲಿ ಅದರಷ್ಟು ಉಪಯೋಗಕ್ಕೆ ಬರುವ ಉಪಕರಣ ಇನ್ನೊಂದಿಲ್ಲ ಅನ್ನೋದು ನನ್ನ ಅನುಭವ. ಜೊತೆಗೆ ಥರ್ಮೋಸ್ಟ್ಯಾಟ್ ಕವರಿಗೆ ಹೊಸ ಗ್ಯಾಸ್ಕೆಟ್ (ಲೀಕ್ ಆಗದಂತೆ ನಡುವೆ ಕೂರುವ ಪದರ), ಕೂಲೆಂಟ್, ಡಿಸ್ಟಿಲ್ಡ್ ವಾಟರ್. ಥರ್ಮೋಸ್ಟ್ಯಾಟ್ ಮಾತ್ರ ಈಗಲೇ ಕೊಳ್ಳಬೇಡಿ.

## ಹಂತ 1: ಯಾವಾಗ ಹೀಟ್ ಆಗುತ್ತದೆ ಅಂತ ಗಮನಿಸಿ

ಬಾನೆಟ್ ಎತ್ತುವ ಮೊದಲು ಗಾಡಿ ಏನು ಹೇಳುತ್ತಿದೆ ಅಂತ ಕೇಳಿ. ಎರಡು ದಿನ ಓಡಿಸಿ, ಮುಳ್ಳು ಯಾವ ಹೊತ್ತಿನಲ್ಲಿ ಏರುತ್ತದೆ ಅಂತ ಬರೆದಿಟ್ಟುಕೊಳ್ಳಿ.

ನಿಂತಾಗ, ನಿಧಾನ ಹೋಗುವಾಗ ಏರಿ, ವೇಗ ಹಿಡಿದಾಗ ಇಳಿದರೆ ತೊಂದರೆ ಗಾಳಿಯದ್ದು: ಫ್ಯಾನ್, ಫ್ಯಾನ್ ಕ್ಲಚ್ (ಬಿಸಿಯಾದಾಗ ಫ್ಯಾನ್ ಜೋರಾಗಿ ತಿರುಗುವಂತೆ ಹಿಡಿಯುವ ಭಾಗ), ಸಡಿಲ ಬೆಲ್ಟ್, ಇಲ್ಲವೇ ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ ಮುರಿದಿದೆ. ಇದಕ್ಕೆ ಉಲ್ಟಾ, ವೇಗದಲ್ಲಿ ಅಥವಾ ಲೋಡ್ ಹಾಕಿ ಏರು ಹತ್ತುವಾಗ ಮಾತ್ರ ಏರಿದರೆ ನೀರಿನ ಓಟ ಸಾಲುತ್ತಿಲ್ಲ: ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಥರ್ಮೋಸ್ಟ್ಯಾಟ್ ಪೂರ್ತಿ ತೆರೆಯುತ್ತಿಲ್ಲ, ಕೆಳಗಿನ ಹೋಸ್ ಚಪ್ಪಟೆಯಾಗುತ್ತಿದೆ, ಅಥವಾ ವಾಟರ್ ಪಂಪ್ ಸೋತಿದೆ. ಸ್ಟಾರ್ಟ್ ಮಾಡಿ ಐದಾರು ನಿಮಿಷದಲ್ಲೇ ಏರಿದರೆ ಥರ್ಮೋಸ್ಟ್ಯಾಟ್ ಮುಚ್ಚಿಕೊಂಡೇ ಕಚ್ಚಿದೆ, ಕೂಲೆಂಟ್ ಕಮ್ಮಿಯಿದೆ, ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರ) ಕಡೆ ಸಂಶಯ ಪಡಬೇಕು.

ಮುಳ್ಳು ಏರಿ ಇಳಿದು ಆಟ ಆಡಿದರೆ ಒಳಗೆ ಗಾಳಿ ಇದೆ. ಇನ್ನೊಂದು ಲಕ್ಷಣ ತುಂಬಾ ಜನ ತಪ್ಪು ಓದುತ್ತಾರೆ. ಕೆಂಪಿನ ಹತ್ತಿರ ಇದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ "ಅಬ್ಬಾ, ತಣ್ಣಗಾಯ್ತು" ಅಂತ ಮುಂದೆ ಹೋಗುತ್ತಾರೆ. ಸೆನ್ಸರ್ ಸುತ್ತ ಕೂಲೆಂಟೇ ಇಲ್ಲದಿದ್ದಾಗಲೂ ಮುಳ್ಳು ಹಾಗೇ ಬೀಳುತ್ತದೆ. ಕೂಡಲೇ ನಿಲ್ಲಿಸಿ. ಹಾಗೆಯೇ, ಎಂಜಿನ್ ಕುದಿಯುತ್ತಿದ್ದರೂ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಕೂಲೆಂಟ್ ತೀರಾ ಕಮ್ಮಿಯಾಗಿದೆ ಅಥವಾ ಏರ್ ಲಾಕ್ ಆಗಿದೆ, ಗಾಳಿ ಸಿಕ್ಕಿಕೊಂಡು ನೀರು ಓಡುತ್ತಿಲ್ಲ ಅಂತ ಅರ್ಥ.

ಗೇಜ್ ಕೂಡ ಸುಳ್ಳು ಹೇಳಬಹುದು. ಮುಳ್ಳು ಕೆಂಪಿನಲ್ಲಿರುವಾಗ ಥರ್ಮೋಸ್ಟ್ಯಾಟ್ ಕವರ್ ಮೇಲೆ ಇನ್‌ಫ್ರಾರೆಡ್ ಹಿಡಿಯಿರಿ. ಅಲ್ಲಿ 85, 90 ತೋರಿಸಿದರೆ ಎಂಜಿನ್‌ಗೆ ಬಹುಶಃ ಏನೂ ಆಗಿಲ್ಲ. ಸೆನ್ಸರ್, ವೈರ್, ಅರ್ಥಿಂಗ್ ನೋಡಿ.

## ಹಂತ 2: ತಣ್ಣಗಿರುವಾಗ ಕಣ್ಣು ಮತ್ತು ಕೈ

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಇದನ್ನು ಮಾಡಿ. ಮುಚ್ಚಳ ತೆಗೆದು ಕೂಲೆಂಟ್ ಬಾಯಿವರೆಗೆ ಇದೆಯಾ ನೋಡಿ. ಉಕ್ಕಿದ ಕೂಲೆಂಟ್ ಹೋಗಿ ನಿಲ್ಲುವ ಪಕ್ಕದ ಡಬ್ಬಿ ತುಂಬಿದೆ ಅಂತ ನಂಬಬೇಡಿ. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದು ಮಾಮೂಲು, ಅದಕ್ಕೆ ಕಾರಣ ಕೈಯಲ್ಲಿರುವ ಮುಚ್ಚಳವೇ ಇರಬಹುದು. ಮುಚ್ಚಳದಲ್ಲಿ ಎರಡು ವಾಲ್ವ್ ಇವೆ. ದೊಡ್ಡ ಸ್ಪ್ರಿಂಗಿನದು ಒತ್ತಡ ಹಿಡಿಯುತ್ತದೆ. ನಡುವಿನ ಪುಟ್ಟ ಬಿಲ್ಲೆ, ಎಂಜಿನ್ ತಣ್ಣಗಾದಾಗ ಡಬ್ಬಿಯಿಂದ ಕೂಲೆಂಟ್ ವಾಪಸ್ ಎಳೆದುಕೊಳ್ಳಲು ದಾರಿ ಬಿಡುತ್ತದೆ. ಆ ಬಿಲ್ಲೆಯನ್ನು ಉಗುರಿನಿಂದ ಎಳೆದು ಬಿಡಿ, ಟಕ್ ಅಂತ ಸ್ವಸ್ಥಾನಕ್ಕೆ ಕೂರಬೇಕು. ರಬ್ಬರ್ ಬಿರುಕು ಬಿಟ್ಟಿದ್ದರೆ ಮುಚ್ಚಳ ಬದಲಿಸಿ, ಅದರ ಮೇಲೆ ಅಚ್ಚಾಗಿರುವ ಒತ್ತಡದ ಅಂಕಿ ಅದೇ ಇರಲಿ. ಗಾಡಿ ತಣ್ಣಗಾದ ಮೇಲೆ ಮೇಲಿನ ಹೋಸ್ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ಆ ಬಿಲ್ಲೆ ಕಚ್ಚಿದೆ ಎಂದೇ ಲೆಕ್ಕ.

ಹೋಸ್‌ಗಳನ್ನು ಉದ್ದಕ್ಕೂ ಹಿಸುಕುತ್ತಾ ಹೋಗಿ. ಒಳಗೆ ಕರಕರ ಅಂದರೆ, ಕ್ಲಿಪ್ ಹತ್ತಿರ ಉಬ್ಬಿದ್ದರೆ, ಒಂದು ಕಡೆ ಬಾಳೆಹಣ್ಣಿನ ಹಾಗೆ ಮೆತ್ತಗಾಗಿದ್ದರೆ ಬದಲಿಸಿ. ಕೆಳಗಿನ ಹೋಸ್ ಪಂಪಿನ ಎಳೆತದ ಕಡೆ ಇರುತ್ತದೆ, ಕೆಲವು ಗಾಡಿಗಳಲ್ಲಿ ಅದು ಚಪ್ಪಟೆಯಾಗದಿರಲಿ ಅಂತ ಒಳಗೆ ಸ್ಪ್ರಿಂಗ್ ಇರುತ್ತದೆ. ತುಕ್ಕು ಹಿಡಿದು ಸ್ಪ್ರಿಂಗ್ ಹೋಗಿದ್ದರೆ ನಿಂತಲ್ಲಿ ಎಲ್ಲ ಸರಿ ಕಾಣುತ್ತದೆ. ರೇಸ್ ಕೊಟ್ಟಾಗ ಹೋಸ್ ಮಡಚಿಕೊಂಡು ನೀರು ನಿಲ್ಲುತ್ತದೆ. ಇದನ್ನು ನೋಡಲು ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ 2500 ಆರ್‌ಪಿಎಂವರೆಗೆ ರೇಸ್ ಕೊಡಿಸಿ. ನೀವು ಫ್ಯಾನ್‌ನಿಂದ ದೂರ ನಿಂತು ಟಾರ್ಚ್ ಬಿಡಿ. ಸಡಿಲ ತೋಳು, ಶಾಲು, ಸರ ಏನೂ ಇರಬಾರದು.

ವಾಟರ್ ಪಂಪಿನ ಕೆಳಭಾಗದಲ್ಲಿ ಒಂದು ಪುಟ್ಟ ತೂತು ಇರುತ್ತದೆ. ಅದು ಲೀಕ್ ಅಲ್ಲ, ಒಳಗಿನ ಸೀಲ್ ಹೋದಾಗ ಸೂಚನೆ ಕೊಡಲೆಂದೇ ಇಟ್ಟಿದ್ದು. ಅಲ್ಲಿಂದ ಒಣಗಿದ ಬಣ್ಣದ ಗೆರೆ ಇಳಿದಿದ್ದರೆ ಪಂಪಿನ ಕಾಲ ಮುಗಿಯುತ್ತಾ ಬಂದಿದೆ. ಕೆಲವರು ಆ ತೂತಿಗೆ ಎಂ-ಸೀಲ್ ಮೆತ್ತುತ್ತಾರೆ. ಆಮೇಲೆ ನೀರು ಬೇರಿಂಗಿಗೆ ನುಗ್ಗಿ, ಪಂಪ್ ಫ್ಯಾನಿನ ಸಮೇತ ರೇಡಿಯೇಟರಿಗೆ ಗುದ್ದಿದರೆ ಖರ್ಚು ಮೂರು ಪಟ್ಟು.

ಎಂಜಿನ್ ಆಫ್ ಇರುವಾಗಲೇ ಫ್ಯಾನ್ ಕೈಯಲ್ಲಿ ತಿರುಗಿಸಿ. ಕ್ಲಚ್ ಇರುವ ಫ್ಯಾನ್ ಸ್ವಲ್ಪ ತಡೆಯುತ್ತಾ ತಿರುಗಬೇಕು. ಗಿರಗಿಟ್ಲೆ ಹಾಗೆ ಸುತ್ತಿದರೆ, ಅಥವಾ ಕ್ಲಚ್ ಮುಖದ ಮೇಲೆ ಎಣ್ಣೆಯ ಗೆರೆ ಇದ್ದರೆ ಕ್ಲಚ್ ಹೋಗಿದೆ. ರೆಕ್ಕೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಬೇರಿಂಗ್ ಆಟವೂ ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ರೇಡಿಯೇಟರ್. ಎಸಿ ಇರುವ ಗಾಡಿಯಲ್ಲಿ ಎಸಿಯ ಕಂಡೆನ್ಸರ್ (ರೇಡಿಯೇಟರಿನ ಮುಂದೆ ಅದರ ಹಾಗೇ ಕಾಣುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಟಾರ್ಚ್ ಬಿಡಿ. ಧೂಳು, ಹುಲ್ಲು, ಹುಳ ಸೇರಿ ಕಂಬಳಿ ನೇಯ್ದ ಹಾಗೆ ಇರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಸಾಮಾನ್ಯ ಪೈಪಿನ ನೀರಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳು ಮಲಗಿಬಿಡುತ್ತವೆ. ಎಷ್ಟೋ ಗಾಡಿಗಳ ಕಾಯಿಲೆ ಇಲ್ಲಿಗೇ ವಾಸಿಯಾಗುತ್ತದೆ.

## ಹಂತ 3: ಹೆಡ್ ಗ್ಯಾಸ್ಕೆಟ್ ಸಂಶಯ ಮೊದಲೇ ಬಗೆಹರಿಸಿ

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಮುಂದಿನ ಹಂತಗಳೆಲ್ಲ ದಂಡ. ಅದಕ್ಕೇ ಕೂಲೆಂಟ್ ಸುರಿಯುವ ಮೊದಲು ಇದು. ತಣ್ಣನೆ ಎಂಜಿನ್, ರೇಡಿಯೇಟರ್ ಬಾಯಿವರೆಗೆ ತುಂಬಿಸಿ, ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷ ಒಂದಷ್ಟು ಗುಳ್ಳೆ ಬಂದು ನಿಂತರೆ ಚಿಂತೆ ಇಲ್ಲ. ಸೋಡಾ ಹಾಗೆ ಬರುತ್ತಲೇ ಇದ್ದರೆ, ರೇಸ್ ಕೊಟ್ಟಾಗ ಜಾಸ್ತಿ ಆದರೆ ಉರಿದ ಗ್ಯಾಸ್ ಕೂಲೆಂಟಿಗೆ ಸೇರುತ್ತಿದೆ.

ಸ್ಟಾರ್ಟ್ ಮಾಡಿದ ನಿಮಿಷದೊಳಗೆ, ಎಂಜಿನ್ ಇನ್ನೂ ತಣ್ಣಗಿರುವಾಗಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುವುದು, ಡಿಪ್‌ಸ್ಟಿಕ್ಕಿನಲ್ಲಿ ಹಾಲು ಕಾಫಿ ಬಣ್ಣದ ಆಯಿಲ್, ಬಿಸಿಯಾದ ಮೇಲೂ ನಿಲ್ಲದ ಸಿಹಿ ವಾಸನೆಯ ಬಿಳಿ ಹೊಗೆ, ಇವೂ ಅದೇ ಮಾತು ಹೇಳುತ್ತವೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಕೆನೆ ಇದ್ದರೆ ಗಾಬರಿ ಬೇಡ. ಬರೀ ಹತ್ತಿರದ ಓಡಾಟಕ್ಕೆ ಬಳಸುವ ಗಾಡಿಯಲ್ಲಿ ತೇವ ಹಾಗೆ ಕೂರುತ್ತದೆ.

## ಹಂತ 4: ಹಳೇ ಕೂಲೆಂಟ್ ಇಳಿಸಿ, ಒಳಗೆ ತೊಳೆಯಿರಿ

ಎಂಜಿನ್ ತಣ್ಣಗಿರಲಿ. ಹೀಟರ್ ಗುಬುಟನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ, ಇಲ್ಲದಿದ್ದರೆ ಹಲವು ಗಾಡಿಗಳಲ್ಲಿ ಹೀಟರ್ ಕಡೆಯ ಹಳೇ ಕೂಲೆಂಟ್ ಅಲ್ಲೇ ಉಳಿಯುತ್ತದೆ. ರೇಡಿಯೇಟರ್ ಅಡಿಯ ಡ್ರೈನ್ ಪ್ಲಗ್ ಬಿಚ್ಚಿ. ಅದು ಪ್ಲಾಸ್ಟಿಕ್‌ದಾಗಿದ್ದು ಬಿಗಿದಿದ್ದರೆ ಜೋರು ಮಾಡಬೇಡಿ, ಮುರಿಯುತ್ತದೆ. ಅದರ ಬದಲು ಕೆಳಗಿನ ಹೋಸ್ ಬಿಚ್ಚಿ. ಹೋಸ್ ಅಂಟಿಕೊಂಡಿದ್ದರೆ ಎಳೆಯದೆ ತಿರುಚಿ. ಹೊಸ ಹೋಸ್ ಹಾಕುವುದಾದರೆ ಹಳೆಯದನ್ನು ಉದ್ದಕ್ಕೆ ಸೀಳುವುದೇ ಸುಲಭ.

ಇಷ್ಟು ಮಾಡಿದರೂ ಎಂಜಿನ್ ಬ್ಲಾಕ್‌ನಲ್ಲಿ ಬೇಕಾದಷ್ಟು ಉಳಿದಿರುತ್ತದೆ. ಬ್ಲಾಕ್ ಪಕ್ಕದಲ್ಲಿ ಡ್ರೈನ್ ಬೋಲ್ಟ್ ಇದ್ದು, ಬಿಚ್ಚಲು ಬಂದರೆ ಬಿಚ್ಚಿ. ತುಕ್ಕು ಹಿಡಿದಿದ್ದರೆ ಬಿಟ್ಟುಬಿಡಿ. ನೀರು ತುಂಬಿಸಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ, ಆಮೇಲೆ ಇಳಿಸಿ. ಇಳಿಯುವ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಹೀಗೇ ಮಾಡಿ. ಕೊನೆಯ ಸಲ ಡಿಸ್ಟಿಲ್ಡ್ ವಾಟರ್ ಹಾಕಿ, ಗಡಸು ನೀರಿನ ಸುಣ್ಣ ಒಳಗೆ ಪದರು ಕಟ್ಟುವುದು ತಪ್ಪುತ್ತದೆ. ಮನೆಯಲ್ಲಿ ಸಿಗುವ ಆಸಿಡ್ ಹಾಕಬೇಡಿ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ತೊಳೆದ ಮೇಲೂ ಸಂಶಯ ಇದ್ದರೆ, ಬಿಸಿಯಾಗಿ ಓಡುತ್ತಿರುವಾಗ ರೇಡಿಯೇಟರ್ ಮುಖದ ಮೇಲೆ ಇನ್‌ಫ್ರಾರೆಡ್ ಆಡಿಸಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಸಮನಾಗಿ ಇಳಿಯುತ್ತಾ ಹೋಗಬೇಕು. ನಡುವೆ ಒಂದು ಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಕಟ್ಟಿಕೊಂಡಿವೆ, ರೇಡಿಯೇಟರ್ ಬಿಚ್ಚಿಸಲೇಬೇಕು. ಲೀಕ್ ನಿಲ್ಲಿಸುವ ಪುಡಿ, ದ್ರವ ಹಿಂದೆ ಯಾರಾದರೂ ಹಾಕಿದ್ದರೆ ಹೀಗಾಗುವ ಸಾಧ್ಯತೆ ಜಾಸ್ತಿ. ನೀವಂತೂ ಹಾಕಬೇಡಿ.

## ಹಂತ 5: ಥರ್ಮೋಸ್ಟ್ಯಾಟ್ ಬಿಚ್ಚಿ, ಕುದಿಸಿ, ಕೂರಿಸಿ

ಕವರಿನ ಬೋಲ್ಟ್ ಬಿಚ್ಚಿ ಥರ್ಮೋಸ್ಟ್ಯಾಟ್ ತೆಗೆಯಿರಿ. ಅದು ಹೇಗೆ ಕೂತಿತ್ತು ಅಂತ ಮೊದಲು ಫೋಟೋ ತೆಗೆದುಕೊಳ್ಳಿ. ಅದರ ಮೇಲೆ 82 ಅಥವಾ 88 ಹೀಗೆ ಅಂಕಿ ಇರುತ್ತದೆ, ತೆರೆಯಲು ಶುರುವಾಗುವ ಡಿಗ್ರಿ ಅದು. ದಾರ ಕಟ್ಟಿ ಪಾತ್ರೆಯ ನೀರಲ್ಲಿ ಇಳಿಬಿಡಿ, ತಳಕ್ಕೆ ತಾಗಬಾರದು. ನಿಧಾನ ಬಿಸಿ ಮಾಡಿ. ಅಂಕಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುವಾಗಿ, ಇನ್ನೊಂದು ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಸುಮಾರು 8 ಮಿಲಿಮೀಟರ್ ತೆರೆದಿರಬೇಕು. ತೆಗೆದು ಹೊರಗಿಟ್ಟರೆ ಪೂರ್ತಿ ಮುಚ್ಚಿಕೊಳ್ಳಬೇಕು. ಈ ಪರೀಕ್ಷೆಯಲ್ಲಿ ಫೇಲಾದರೆ ಆಗ ಹೊಸದು ತನ್ನಿ. ಹೊಸದನ್ನೂ ಕುದಿಸಿಯೇ ಹಾಕಿ, ಪ್ಯಾಕೆಟ್ ಒಡೆದ ಕೂಡಲೇ ಕೆಟ್ಟಿದ್ದನ್ನು ನಾನು ನೋಡಿದ್ದೇನೆ.

ಈಗ ಎಲ್ಲರೂ ಕೊಡುವ ಸಲಹೆಗೆ ಬರೋಣ: "ಥರ್ಮೋಸ್ಟ್ಯಾಟ್ ತೆಗೆದು ಬಿಸಾಕಿ, ಹೀಟೇ ಆಗಲ್ಲ." ದಯವಿಟ್ಟು ಕೇಳಬೇಡಿ. ಥರ್ಮೋಸ್ಟ್ಯಾಟ್ ಇಲ್ಲದೆ ಎಂಜಿನ್ ಬೇಕಾದ ಬಿಸಿಗೆ ಬರುವುದಿಲ್ಲ. ಇಂಧನ ಜಾಸ್ತಿ ಕುಡಿಯುತ್ತದೆ, ಆಯಿಲಿನಲ್ಲಿ ತೇವ ಉಳಿದು ಜಿಡ್ಡು ಕಟ್ಟುತ್ತದೆ, ಸವೆತ ಹೆಚ್ಚುತ್ತದೆ. ಇನ್ನೂ ಒಂದಿದೆ. ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟ್ಯಾಟ್‌ನ ಬಾಲದಲ್ಲಿ ಇನ್ನೊಂದು ಬಿಲ್ಲೆ ಇರುತ್ತದೆ. ಬಿಸಿಯಾದಾಗ ಅದು ಬೈಪಾಸ್ ದಾರಿಯನ್ನು ಮುಚ್ಚಿ, ನೀರನ್ನೆಲ್ಲ ರೇಡಿಯೇಟರ್ ಕಡೆ ಕಳಿಸುತ್ತದೆ. ತೆಗೆದುಬಿಟ್ಟರೆ ಆ ಅಡ್ಡದಾರಿ ಸದಾ ತೆರೆದೇ ಇರುತ್ತದೆ, ಒಂದಷ್ಟು ಬಿಸಿನೀರು ರೇಡಿಯೇಟರ್ ಮುಟ್ಟದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಅಂಥ ಗಾಡಿ ಏರು ಹತ್ತುವಾಗ ಮೊದಲಿಗಿಂತ ಬೇಗ ಹೀಟಾಗುತ್ತದೆ!

ಕೂರಿಸುವಾಗ ಸ್ಪ್ರಿಂಗ್ ಇರುವ ಕಡೆ ಎಂಜಿನ್ ಒಳಕ್ಕೆ ಇರಬೇಕು. ಬಿಸಿ ಗ್ರಹಿಸುವ ಮೇಣದ ಗುಂಡು ಇರುವುದು ಆ ಕಡೆಯೇ. ನಾನು ಒಮ್ಮೆ ಮುಸ್ಸಂಜೆ ಹೊತ್ತಲ್ಲಿ ಅವಸರದಲ್ಲಿ ತಿರುಗಿಸಿ ಹಾಕಿದ್ದೆ. ಗೇಟು ದಾಟಿ ಹತ್ತು ನಿಮಿಷಕ್ಕೆ ಮುಳ್ಳು ಕೆಂಪಿಗೆ ಬಂತು, ಎಲ್ಲ ಮತ್ತೆ ಮೊದಲಿನಿಂದ. ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲಕ್ಕೆ, ಗಡಿಯಾರದ 12 ಇರುವ ಜಾಗಕ್ಕೆ ಬರಲಿ. ಗಾಳಿ ಹೊರಗೆ ಹೋಗುವುದು ಆ ತೂತಿನಿಂದಲೇ.

ಕೂರಿಸುವ ಮೊದಲು ತೂತಿಗೆ ಬಟ್ಟೆ ತುರುಕಿ, ಹಳೇ ಗ್ಯಾಸ್ಕೆಟ್ಟನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ, ಆಮೇಲೆ ಬಟ್ಟೆ ತೆಗೆಯಲು ಮರೆಯಬೇಡಿ. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮ್ಯಾನ್ಯುಯಲ್ ಇಲ್ಲದಿದ್ದರೆ ದಪ್ಪ 6 ಮಿಲಿಮೀಟರ್ ಆದರೆ 10 ನ್ಯೂಟನ್ ಮೀಟರ್, 8 ಆದರೆ 20 ಅಂತ ಇಟ್ಟುಕೊಳ್ಳಿ. "ಇನ್ನೊಂದು ಚೂರು" ಅಂತ ಎಳೆದಾಗಲೇ ಅಲ್ಯೂಮಿನಿಯಂ ಕವರ್ ಬಿರಿಯುವುದು.

## ಹಂತ 6: ತುಂಬಿಸಿ, ಗಾಳಿ ತೆಗೆಯಿರಿ

ಜಾಸ್ತಿ ಜನ ಸೋಲುವುದು ಇಲ್ಲೇ, ನಿಧಾನ ಓದಿ.

ಮೊದಲು ಲೆಕ್ಕ. ತೊಳೆದ ಮೇಲೆ ಬ್ಲಾಕ್‌ನಲ್ಲಿ ಬರೀ ನೀರು ಉಳಿದಿದೆ ಅಲ್ವಾ? ಅದರ ಮೇಲೆ ಅರ್ಧ ಅರ್ಧ ಬೆರೆಸಿದ್ದನ್ನು ಸುರಿದರೆ ಮಿಶ್ರಣ ತೆಳ್ಳಗಾಗುತ್ತದೆ. ಮ್ಯಾನ್ಯುಯಲ್ ಪ್ರಕಾರ ಒಟ್ಟು 8 ಲೀಟರ್ ಹಿಡಿಯುವುದಾದರೆ, ನೀರು ಬೆರೆಸದ ಕೂಲೆಂಟ್ 4 ಲೀಟರ್ ಮೊದಲು ಹಾಕಿ, ಉಳಿದದ್ದನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬಿಸಿ. ಆಗ ಸರಿಯಾಗಿ ಅರ್ಧ ಅರ್ಧ ಆಗುತ್ತದೆ. ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ, ಒಂದೊಂದು ಕಂಪನಿಯ ಹಸಿರು ಒಂದೊಂದು ಥರ. ಮ್ಯಾನ್ಯುಯಲ್ ಹೇಳಿದ ಬಗೆಯನ್ನೇ ಹಾಕಿ, ಬೇರೆ ಬೇರೆ ಬಗೆ ಬೆರೆಸಬೇಡಿ.

ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಗಾಡಿಯ ಮೂತಿಯನ್ನು ಏರಿನ ಕಡೆ ನಿಲ್ಲಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಕಲ್ಲು. ಹೀಟರ್ ಪೂರ್ತಿ ಬಿಸಿಗೆ. ಆಲಿಕೆ ಕೂರಿಸಿ ನಿಧಾನ ಸುರಿಯಿರಿ. ಸುರಿಯುತ್ತಾ ಮೇಲಿನ ಹೋಸನ್ನು ಹಸುವಿನ ಕೆಚ್ಚಲು ಹಿಂಡುವ ಹಾಗೆ ಹಿಸುಕಿ ಬಿಡಿ. ಬುಳುಕ್ ಬುಳುಕ್ ಅಂತ ಗಾಳಿ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಸುರಿಯಿರಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದೆ ಎಳೆ ಎಳೆಯಾಗಿ ಬಂದ ಮೇಲೆ ಮುಚ್ಚಿ.

ಆಲಿಕೆಯಲ್ಲಿ ಒಂದಷ್ಟು ಕೂಲೆಂಟ್ ನಿಂತಿರುವಂತೆಯೇ ಸ್ಟಾರ್ಟ್ ಮಾಡಿ. ಮುಖ ದೂರ ಇರಲಿ. ಹತ್ತು ಹದಿನೈದು ನಿಮಿಷ ಏನೂ ಆಗದ ಹಾಗೆ ಕಾಣುತ್ತದೆ, ಮೇಲಿನ ಹೋಸ್ ತಣ್ಣಗೇ ಇರುತ್ತದೆ. ಹೋಸ್ ಮೇಲೆ ಆಗಾಗ ಕೈ ಇಟ್ಟು ನೋಡುತ್ತಿರಿ. ಒಂದು ಹೊತ್ತಿಗೆ ಬಿಸಿ ಸರ್ರನೆ ಓಡಿ ಬರುತ್ತದೆ, ಅದೇ ಕ್ಷಣ ಆಲಿಕೆಯ ಮಟ್ಟ ಗುಳಕ್ ಅಂತ ಕುಸಿಯುತ್ತದೆ. ಥರ್ಮೋಸ್ಟ್ಯಾಟ್ ಬಾಯಿ ಬಿಟ್ಟಿತು ಅಂತ ಅರ್ಥ. ಬಹಳ ಜನ ಇಷ್ಟು ಹೊತ್ತು ಕಾಯದೆ ಮುಚ್ಚಳ ಹಾಕಿಬಿಡುತ್ತಾರೆ. ಗಾಳಿ ಥರ್ಮೋಸ್ಟ್ಯಾಟ್ ಹಿಂದೆಯೇ ಕೂತಿರುತ್ತದೆ, ಹೊರಬರುವುದು ಈಗ.

ಮಟ್ಟ ಇಳಿದಂತೆ ಸುರಿಯುತ್ತಾ, 1500ರಿಂದ 2000 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಬಿಡಿ, ಎರಡು ಮೂರು ಸಲ. ಗುಳ್ಳೆ ನಿಂತು, ಹೀಟರ್‌ನಿಂದ ಒಂದೇ ಸಮನೆ ಬಿಸಿ ಗಾಳಿ ಬಂದರೆ ಆಯ್ತು. ಆಫ್ ಮಾಡಿ ಆರಲು ಬಿಡಿ, ಆಮೇಲೆ ಆಲಿಕೆ ತೆಗೆದು ಮುಚ್ಚಳ ಹಾಕಿ, ಡಬ್ಬಿಯನ್ನು ಎರಡು ಗೆರೆಗಳ ನಡುವೆ ತುಂಬಿಸಿ. ಈ ನಡುವೆ ಯಾವಾಗಲಾದರೂ ಮುಳ್ಳು ಅರ್ಧ ದಾಟಿ ಏರುತ್ತಲೇ ಹೋದರೆ ಆಫ್ ಮಾಡಿ. ಅರ್ಧ ಗಂಟೆಯಾದರೂ ಗುಳ್ಳೆ ನಿಲ್ಲದಿದ್ದರೆ ಹಂತ 3ನ್ನು ಮತ್ತೆ ಓದಿ.

## ಹಂತ 7: ಮೊದಲ ಓಟ, ಮರುದಿನ ಬೆಳಿಗ್ಗೆ

ಲೋಡ್ ಇಲ್ಲದೆ ಹತ್ತಿರದಲ್ಲೇ ಇಪ್ಪತ್ತು ನಿಮಿಷ ಓಡಿಸಿ, ಕೂಲೆಂಟಿನ ಕ್ಯಾನ್ ಜೊತೆಗಿರಲಿ. ವಾಪಸ್ ಬಂದು ಕ್ಲಿಪ್‌ಗಳ ಸುತ್ತ ಒಣ ಕಾಗದ ಒತ್ತಿ ನೋಡಿ. ಮರುದಿನ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಮಟ್ಟ ಸ್ವಲ್ಪ ಇಳಿದಿದ್ದರೆ ತುಂಬಿಸಿ. ಎರಡು ಮೂರು ದಿನ ಹೀಗಾಗುವುದು ಸಹಜ, ಉಳಿದ ಚೂರುಪಾರು ಗಾಳಿ ಅದು. ವಾರ ಕಳೆದರೂ ದಿನಾ ಇಳಿಯುತ್ತಿದ್ದರೆ ಕೂಲೆಂಟ್ ಎಲ್ಲೋ ಹೋಗುತ್ತಿದೆ. ನೆಲ ಒದ್ದೆಯಿಲ್ಲ, ಸೀಟಿನ ಮುಂದಿನ ಮ್ಯಾಟ್ ಒದ್ದೆಯಿದೆ ಅಂದರೆ ಹೀಟರ್ ಕೋರ್, ಅಂದರೆ ಹೀಟರ್ ಒಳಗಿನ ಪುಟ್ಟ ರೇಡಿಯೇಟರ್ ಲೀಕ್ ಆಗುತ್ತಿದೆ. ಎಲ್ಲೂ ಒದ್ದೆಯಿಲ್ಲ ಅಂದರೆ ಎಂಜಿನ್ ಅದನ್ನು ಒಳಗೇ ಸುಡುತ್ತಿದೆ. ಆಗ ಹೆಡ್ ಬಿಚ್ಚುವ ಮೆಕ್ಯಾನಿಕ್ ಹತ್ತಿರ ಹೋಗಿ, ಇದು ಮನೆಯಂಗಳದ ಕೆಲಸ ಅಲ್ಲ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್, ಹೀಟರ್ ಪೂರ್ತಿ ಬಿಸಿ, ಗಾಡಿ ಪಕ್ಕಕ್ಕೆ. ಕೆಂಪು ಮುಟ್ಟಿದ್ದರೆ ಎಂಜಿನ್ ಆಫ್. ಬಿಸಿ ಎಂಜಿನ್ ಮೇಲೆ ತಣ್ಣೀರು ಎರಚಬೇಡಿ, ಹೆಡ್ ಬಿರುಕು ಬಿಡುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ, ಹೋಸ್ ಹಿಸುಕಿ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಆ ಹೊತ್ತಿಗೆ ಕುಡಿಯುವ ನೀರಾದರೂ ಪರವಾಗಿಲ್ಲ.

ಕೊನೆಗೆ ಒಂದು ಪಟ್ಟಿ ಟೇಪಿನ ಮೇಲೆ ತಾರೀಕು, ಓಡಿದ ಕಿಲೋಮೀಟರ್, ಹಾಕಿದ ಕೂಲೆಂಟಿನ ಬಗೆ ಬರೆದು ರೇಡಿಯೇಟರ್ ಮೇಲಿನ ಪಟ್ಟಿಗೆ ಅಂಟಿಸಿ. ಹಳೇ ಬಗೆಯ ಕೂಲೆಂಟ್‌ಗೆ ಎರಡು ವರ್ಷ, ದೀರ್ಘ ಬಾಳಿಕೆಯದಕ್ಕೆ ಸಾಮಾನ್ಯವಾಗಿ ಐದು ವರ್ಷ. ಮುಂದಿನ ಸಲ ಬಾನೆಟ್ ಎತ್ತುವವರು ನೀವೇ ಆಗಿದ್ದರೂ, ಅಷ್ಟೊತ್ತಿಗೆ ಯಾವುದು ಹಾಕಿದ್ದೆ ಅಂತ ಖಂಡಿತ ಮರೆತಿರುತ್ತೀರಿ.